ಬುದ್ಧಿಗೊಂದು ಮಾತ್ರೆ ಹುಡುಕಿದ ಕಥೆ



ಕೆಲವು ದಿನಗಳ ಹಿಂದೆ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ದೂರವಾಣಿ ಮಾಡಿದ್ದ. ಅವನ ಮಗಳಿಗೆ ಸ್ಕಿಜೋಫ್ರೀನಿಯಾ ಇದೆಯೆಂದು ಎರಡು ವರ್ಷಗಳ ಹಿಂದೆ ತಿಳಿದುಬಂದಿತಂತೆ. ನಮ್ಮ ಕನ್ನಡದ ವೈದ್ಯಲೇಖಕರು ಚಿತ್ತವಿಕಲತೆ ಎಂದು ಬರೆಯುವುದು ಇದೇ ಕಾಯಿಲೆಯನ್ನು. "ಕಿವಿಯಾಗ ಕೇಳೋ ದನಿ ನಿಂತಾವೆ ಸಾರ್. ಆದ್ರೆ ಓದಿದ್ದು ತಲೆಯಾಗ ನಿಲ್ಲವಲ್ದು. ಬುದ್ಧಿ ಚುರುಕಾಗಕ್ಕೆ ಮಾತ್ರೆ ಏನಾರ ಬಂದೈತಾ? ಈಗಿನ ಮಾತ್ರೆಯಿಂದ್ಲೇ ಮಂಕಾಗ್ಯಾಳೋ ಏನೋ, ಬಿಡಿಸಿಬಿಡ್ಲಾ?" ಎಂದು ಕೇಳಿದ. ನಾನು ಗಣಿತ ಕಲಿಸಿದವನೇ ಹೊರತು ವೈದ್ಯನಲ್ಲ. "ವೈದ್ಯರನ್ನು ಕೇಳದೆ ಒಂದು ಮಾತ್ರೆಯನ್ನೂ ಬಿಡಿಸಬೇಡಪ್ಪ" ಎಂದಷ್ಟೇ ಹೇಳಿದೆ. ಉಳಿದುದನ್ನು ಹೇಳಲು ಅಂದು ಗಂಟಲು ಬಿಗಿದು ಬಂದಿತ್ತು. ಅದನ್ನು ಇಲ್ಲಿ ಬರೆಯುತ್ತಿದ್ದೇನೆ.

ನಮ್ಮ ಕೊಕ್ಕನೂರಿನ ಬಂಧುಗಳಿಗೆ ನಾನು ಯಾರನ್ನು ನೆನೆಯುತ್ತಿದ್ದೇನೆಂದು ಬಿಡಿಸಿ ಹೇಳಬೇಕಿಲ್ಲ. ಹೆಸರು ಬರೆಯುವುದಿಲ್ಲ. ಅವನು ನನ್ನ ಚಿಕ್ಕಪ್ಪನ ಮಗ, ನನಗಿಂತ ಆರು ವರ್ಷ ಚಿಕ್ಕವನು. ಕಾಲು, ಅರೆ, ಮುಕ್ಕಾಲಿನ ಮಗ್ಗಿಗಳನ್ನು ನೀರು ಕುಡಿದಂತೆ ಒಪ್ಪಿಸುತ್ತಿದ್ದ ಹುಡುಗ. ಆಂಜನೇಯಸ್ವಾಮಿಯ ತೇರಿನ ದಿನ ಮಿಠಾಯಿ ಅಂಗಡಿಯವನು ಅವನನ್ನು ಪಕ್ಕದಲ್ಲಿ ಕೂರಿಸಿಕೊಂಡು ಲೆಕ್ಕ ಹೇಳಿಸುತ್ತಿದ್ದ. ಕೂಲಿಯೆಂದು ಒಂದು ಪೊಟ್ಟಣ ಬೆಂಡು ಬತ್ತಾಸು ಕೊಡುತ್ತಿದ್ದ. 1971ರಲ್ಲಿ ಹತ್ತನೆಯ ತರಗತಿ ಮುಗಿಸಿ ದಾವಣಗೆರೆಗೆ ಓದಲು ಹೋದ. 1974ರ ಬೇಸಿಗೆಯಲ್ಲಿ ಪರೀಕ್ಷೆ ಬರೆಯದೆ ಮನೆಗೆ ಬಂದ. ಹಿತ್ತಲಿನ ಗೋಡೆಯ ಕಡೆ ಮುಖಮಾಡಿ ಯಾರೊಂದಿಗೋ ವಾದಿಸುತ್ತಿದ್ದ. ಅಡುಗೆಯಲ್ಲಿ ಏನೋ ಬೆರೆಸಿದ್ದಾರೆಂದು ಚಿಗವ್ವ ಬಡಿಸಿದ ಮುದ್ದೆಯನ್ನು ತಳ್ಳಿಬಿಡುತ್ತಿದ್ದ.

ಮೂರು ಅಮಾವಾಸ್ಯೆ ಉಕ್ಕಡಗಾತ್ರಿಗೆ ಕರೆದೊಯ್ದೆವು. ತುಂಗಭದ್ರೆಯ ದಂಡೆಯಲ್ಲಿ ಆ ದಿನಗಳಲ್ಲಿ ಸೇರುತ್ತಿದ್ದ ಜನಸಾಗರವನ್ನು ನೋಡಿದವರು ಆ ನಂಬಿಕೆಯನ್ನು ಹಗುರವಾಗಿ ಮಾತನಾಡಲಾರರು. ನಮಗೆ ಬೇರೆ ದಾರಿ ತಿಳಿದಿರಲಿಲ್ಲ. ನಾಲ್ಕನೆಯ ಅಮಾವಾಸ್ಯೆಗೆ ಮುನ್ನ, 1975ರಲ್ಲಿ, ಹರಿಹರದಲ್ಲಿ ರೈಲು ಹತ್ತಿ ಅವನನ್ನು ಬೆಂಗಳೂರಿಗೆ ಕರೆದೊಯ್ದವನು ನಾನೇ. ಅಲ್ಲಿನ ಸರಕಾರಿ ಮಾನಸಿಕ ಆಸ್ಪತ್ರೆಯೂ 1954ರಲ್ಲಿ ಆರಂಭವಾಗಿದ್ದ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯೂ ಒಂದುಗೂಡಿ 1974ರ ಡಿಸೆಂಬರ್ 27ರಂದು ನಿಮ್ಹಾನ್ಸ್ ಆಗಿ ಕೆಲವು ತಿಂಗಳಷ್ಟೇ ಕಳೆದಿತ್ತು. ವೈದ್ಯರು ಲಾರ್ಗಾಕ್ಟಿಲ್ ಎಂಬ ಮಾತ್ರೆ ಬರೆದುಕೊಟ್ಟರು. ಆರು ವಾರಗಳಲ್ಲಿ ಗೋಡೆಯೊಂದಿಗಿನ ವಾದ ನಿಂತಿತು. ಚಿಗವ್ವನ ಕೈಯೂಟವನ್ನು ಅವನು ಮತ್ತೆ ಉಂಡ ದಿನ ಮನೆಯಲ್ಲಿ ಹಬ್ಬದಂತಾಗಿತ್ತು.

ಆ ಮಾತ್ರೆಯ ಮೂಲನಾಮ ಕ್ಲೋರ್‌ಪ್ರೊಮಝೈನ್. 1950ರ ಡಿಸೆಂಬರಿನಲ್ಲಿ ಫ್ರಾನ್ಸಿನ ರೋನ್-ಪುಲೆಂಕ್ ಕಂಪನಿಯ ಪಾಲ್ ಶಾರ್ಪೆಂಟಿಯೇ ಅದನ್ನು ತಯಾರಿಸಿದರು. ಆನ್ರಿ ಲಾಬೊರಿ ಎಂಬ ಶಸ್ತ್ರವೈದ್ಯರು ಅರಿವಳಿಕೆಯ ಜೊತೆ ಬಳಸಿ, ರೋಗಿಗಳಲ್ಲಿ ಒಂದು ವಿಚಿತ್ರ ನಿರಾಳತೆಯನ್ನು ಕಂಡರು. 1952ರಲ್ಲಿ ಪ್ಯಾರಿಸ್ಸಿನ ಸೇಂಟ್ ಆನ್ ಆಸ್ಪತ್ರೆಯಲ್ಲಿ ದಲೇ ಮತ್ತು ದೆನಿಕೇರ್ ಅದನ್ನು ಮನೋರೋಗಿಗಳಿಗೆ ಕೊಟ್ಟರು. ನಮ್ಮ ದೇಶದ ಸರ್ಪಗಂಧಿ ಇದಕ್ಕಿಂತ ಮೊದಲಿನದು: ಅದು ಉನ್ಮಾದಕ್ಕೂ ರಕ್ತದೊತ್ತಡಕ್ಕೂ ಉಪಯುಕ್ತವೆಂದು ಕಲ್ಕತ್ತೆಯ ಗಣನಾಥ ಸೇನ್ ಮತ್ತು ಕಾರ್ತಿಕಚಂದ್ರ ಬೋಸ್ 1931ರಲ್ಲೇ ಬರೆದಿದ್ದರು, 1952ರಲ್ಲಿ ಅದರಿಂದ ರೆಸರ್ಪೀನ್ ಬೇರ್ಪಟ್ಟಿತು, ಕೆಲವೇ ವರ್ಷಗಳಲ್ಲಿ ಮನೋವೈದ್ಯರು ಅದನ್ನು ಬದಿಗಿಟ್ಟರು. ಆ ಕಾಲದ ಎಲ್ಲ ಮದ್ದುಗಳನ್ನೂ ಹೆಚ್ಚುಕಡಿಮೆ ಒಂದೇ ಪ್ರಶ್ನೆಯಿಂದ ಅಳೆದರು. ಭ್ರಮೆ, ಉದ್ರೇಕ, ಕಿವಿಯ ಧ್ವನಿ ಕಡಿಮೆಯಾಯಿತೇ? ಲೆಕ್ಕ ಮಾಡಬಲ್ಲನೇ, ಕೇಳಿದ್ದನ್ನು ನೆನಪಿಡಬಲ್ಲನೇ ಎಂದು ವಿಚಾರಿಸಿದವರು ಬಹಳ ವಿರಳ.

ಊರಿಗೆ ಮರಳಿದ ಮೇಲೆ ಹತ್ತಿರದ ಪೇಟೆಯ ದಲ್ಲಾಳಿ ಅಂಗಡಿಯೊಂದರಲ್ಲಿ ಅವನಿಗೆ ಕೀರ್ದಿ ಬರೆಯುವ ಕೆಲಸ ಕೊಡಿಸಿದೆ. ಭತ್ತದ ಚೀಲ, ಹಮಾಲಿ, ಕಮಿಷನ್, ಬಾಕಿ ಇಷ್ಟೇ ಲೆಕ್ಕ. ಮೂರು ಅಂಕಣ ಕೂಡಿಸುವಷ್ಟರಲ್ಲಿ ಮೊದಲನೆಯದು ಮರೆತುಹೋಗುತ್ತಿತ್ತು. ಯಾರಾದರೂ ನಡುವೆ ಮಾತನಾಡಿಸಿದರೆ ಪುಟದ ತಲೆಯಿಂದ ಮತ್ತೆ ಆರಂಭಿಸಬೇಕು. ಮಾಲೀಕರು ಸಹನಾಶೀಲರೇ, ನಾಲ್ಕು ತಿಂಗಳು ನೋಡಿ, ನನ್ನನ್ನು ಕರೆಸಿ, ಪುಸ್ತಕ ತೋರಿಸಿದರು. ಆಗ ನಾನು ಮಾಡಿದ ತಪ್ಪನ್ನು ಬರೆದೇಬಿಡುತ್ತೇನೆ. ಅಂಗಡಿಯಲ್ಲಿ ನಾಲ್ಕು ಜನರೆದುರು ಅವನನ್ನು "ಮೈಗಳ್ಳ" ಎಂದೆ. "ರೋಗ ವಾಸಿಯಾಗೈತಿ, ಇನ್ನು ಇದು ಬರೀ ಸೋಮಾರಿತನ" ಎಂದೆ. ಅವನು ಎದುರು ಮಾತನಾಡಲಿಲ್ಲ. "ಅಣ್ಣಾ, ಅಂಕಿ ಕೈಯಾಗ ನಿಲ್ಲವಲ್ವು" ಎಂದಷ್ಟೇ ಹೇಳಿದ. ಅದು ನೆಪವೆಂದು ನಾನು ತಿಳಿದೆ. ತರಗತಿಯಲ್ಲಿ ನೂರಾರು ನೆಪಗಳನ್ನು ಕೇಳಿದವನಿಗೆ ಒಂದು ಸತ್ಯ ಕೇಳಿಸಲಿಲ್ಲ.

ಅಲ್ಲಿಂದ ನನ್ನ ಒಂದೆಲಗದ ಅಧ್ಯಾಯ ಆರಂಭವಾಯಿತು. ಭದ್ರಾ ನಾಲೆಯ ನೀರು ಹರಿಯುವ ನಮ್ಮ ಕಡೆಯ ಗದ್ದೆ ಬದುಗಳಲ್ಲಿ ಅದಕ್ಕೇನು ಬರವೇ? ಪರೀಕ್ಷೆ ಹತ್ತಿರ ಬಂದಾಗ ಅದರ ತಂಬುಳಿ ಉಣ್ಣಿರೆಂದು ನಿಮಗೂ ಹೇಳುತ್ತಿದ್ದೆನಲ್ಲ! ಎರಡು ವರ್ಷ ಪ್ರತಿದಿನ ಬೆಳಿಗ್ಗೆ ಅದರ ರಸವನ್ನು ಅವನಿಗೆ ಕುಡಿಸಿ, ಎದುರು ಕೂರಿಸಿಕೊಂಡು ಮಗ್ಗಿ ಒಪ್ಪಿಸಿಕೊಂಡೆ. ತಪ್ಪಿದರೆ ಗದರಿದೆ. ಅವನು ನನ್ನ ಹೆಜ್ಜೆಯ ಸಪ್ಪಳ ಕೇಳಿದರೆ ಕೊಟ್ಟಿಗೆಗೆ ಹೋಗಿ ಕೂರುವಂತಾಯಿತು.

ಬ್ರಾಹ್ಮಿಯ ಮೇಲಿನ ನಂಬಿಕೆ ನನ್ನೊಬ್ಬನದಲ್ಲ. (ಪಂಡಿತರಲ್ಲಿ ಕೆಲವರು ಒಂದೆಲಗವನ್ನು ಬ್ರಾಹ್ಮಿ ಎನ್ನುತ್ತಾರೆ, ಕೆಲವರು ನೀರುಬ್ರಾಹ್ಮಿಯನ್ನು. ಆ ವ್ಯಾಜ್ಯ ಇಲ್ಲಿ ಬೇಡ.) ಚರಕಸಂಹಿತೆಯು ಉನ್ಮಾದವನ್ನು ವಿವರಿಸುವಾಗ ಕೆಡುವ ಎಂಟು ಸಂಗತಿಗಳನ್ನು ಎಣಿಸುತ್ತದೆ. ಮನಸ್ಸು, ನಡತೆ, ಆಚಾರಗಳ ಜೊತೆಗೆ ಬುದ್ಧಿ ಮತ್ತು ಸ್ಮೃತಿಗಳನ್ನೂ ಅದು ಹೆಸರಿಸುತ್ತದೆ. ಅಂದರೆ ಈ ನಷ್ಟ ಪ್ರಾಚೀನರ ಕಣ್ಣಿಗೆ ಬಿದ್ದಿತ್ತು. ಮದ್ದಿನ ಪರೀಕ್ಷೆಯೂ ಬೆಂಗಳೂರಿನಲ್ಲೇ ನಡೆಯಿತೆಂಬುದು ನನಗೆ ತಿಳಿದದ್ದು ನಿವೃತ್ತಿಯ ನಂತರ. ಮಹಲ್, ರಾಮು ಮತ್ತು ಚತುರ್ವೇದಿ ಎಂಬ ಸಂಶೋಧಕರು 'ಬ್ರಾಹ್ಮ್ಯಾದಿಯೋಗ', ಅಂದರೆ ಬ್ರಾಹ್ಮಿ ಮೊದಲಾದ ಮೂಲಿಕೆಗಳ ಮಿಶ್ರಣ, ಮತ್ತು 'ತಗರ' ಎಂಬ ಮೂಲಿಕೆಯನ್ನು ಸ್ಕಿಜೋಫ್ರೀನಿಯಾ ರೋಗಿಗಳಿಗೆ ಕೊಟ್ಟು ಪರೀಕ್ಷಿಸಿ 1976ರಲ್ಲಿ ಪ್ರಕಟಿಸಿದರು. ಯಾರಿಗೆ ಯಾವ ಮದ್ದೆಂಬುದು ರೋಗಿಗೂ ತಿಳಿಯದು, ಪರೀಕ್ಷಿಸುವ ವೈದ್ಯರಿಗೂ ತಿಳಿಯದು. ಮೌಲ್ಯಮಾಪಕನಿಗೆ ವಿದ್ಯಾರ್ಥಿಯ ಹೆಸರು ಕಾಣಬಾರದೆಂದು ನಾವು ಉತ್ತರಪತ್ರಿಕೆಯಲ್ಲಿ ಮಾಡುವ ಏರ್ಪಾಡೇ ಇದು. ಇಂಥ ಅಧ್ಯಯನಗಳನ್ನು 2007ರಲ್ಲಿ ಒಟ್ಟಾಗಿ ಪರಿಶೀಲಿಸಿದವರಿಗೆ ಸಿಕ್ಕಿದ್ದು ಮೂರು ಸಣ್ಣ ಅಧ್ಯಯನಗಳು, ಎಲ್ಲ ಸೇರಿ 250 ರೋಗಿಗಳು, 12 ವಾರ ಮೀರದ ಅವಧಿ. ಕ್ಲೋರ್‌ಪ್ರೊಮಝೈನ್ ಜೊತೆ ಹೋಲಿಸಿದಾಗ ಮೂಲಿಕೆಗಳು ಹಿಂದೆ ಬಿದ್ದವು. ಕಳೆದುಹೋದ ಬುದ್ಧಿ ಬ್ರಾಹ್ಮಿಯಿಂದ ಮರಳೀತೆಂದು ಹೇಳಲು ಅಲ್ಲಿ ಆಧಾರ ಸಿಗಲಿಲ್ಲ. ಅಷ್ಟು ಹೊತ್ತಿಗೆ ನನ್ನ ಎರಡು ವರ್ಷದ ಪ್ರಯೋಗ ಮುಗಿದು ಮೂರು ದಶಕ ಕಳೆದಿತ್ತು.

ಬುದ್ಧಿಯನ್ನು ಅಳೆಯುವ ಕೆಲಸ ಯಾವಾಗ ಆರಂಭವಾಯಿತೆಂದು ಹುಡುಕುತ್ತ ಹೋದಾಗ ಗಣಿತದ ಮೇಷ್ಟರಿಗೆ ಇಷ್ಟವಾಗುವ ಒಂದು ಸಂಗತಿ ಸಿಕ್ಕಿತು. ಜರ್ಮನಿಯ ಎಮಿಲ್ ಕ್ರೇಪೆಲಿನ್ ಮನಶ್ಶಾಸ್ತ್ರಜ್ಞ ವುಂಟ್ ಅವರ ಶಿಷ್ಯ. ಮನುಷ್ಯನ ಮನಸ್ಸಿನ ದುಡಿಮೆಯನ್ನು ಅಳೆಯಲು ಆತ ಆರಿಸಿಕೊಂಡದ್ದು ಕೂಡುವ ಲೆಕ್ಕವನ್ನು. ಒಂದಂಕಿಯ ಸಂಖ್ಯೆಗಳನ್ನು ಎಡೆಬಿಡದೆ ಕೂಡಿಸುತ್ತ ಹೋಗಬೇಕು. ನಿಮಿಷಕ್ಕೆ ಎಷ್ಟು, ದಣಿದಾಗ ಎಷ್ಟು, ತಪ್ಪು ಎಷ್ಟು ಎಂದು ಗುರುತಿಸುತ್ತಿದ್ದ. ಮದ್ಯ, ಚಹಾ, ನಿದ್ರೆಯ ಮದ್ದುಗಳು ಇಂಥ ಸರಳ ಮಾನಸಿಕ ಕ್ರಿಯೆಗಳನ್ನು ಹೇಗೆ ಬದಲಿಸುತ್ತವೆಂದು ಪರೀಕ್ಷಿಸಿ 1892ರಲ್ಲಿ ಒಂದು ಗ್ರಂಥವನ್ನೇ ಬರೆದ. ಮುಂದಿನ ವರ್ಷಗಳಲ್ಲಿ ಈ ಕಾಯಿಲೆಗೆ ಡಿಮೆನ್ಷಿಯಾ ಪ್ರೀಕಾಕ್ಸ್, ಅಂದರೆ ಹರೆಯದಲ್ಲೇ ಬರುವ ಬುದ್ಧಿಕ್ಷಯ, ಎಂಬ ಹೆಸರನ್ನು ನೆಲೆಗೊಳಿಸಿದವನೂ ಆತನೇ. ಮದ್ದಿನಿಂದ ಬುದ್ಧಿಯ ಕೆಲಸ ಹೇಗೆ ಬದಲಾಗುತ್ತದೆಂದು ಅಳೆದವನೂ ಆ ರೋಗದಲ್ಲಿ ಬುದ್ಧಿಯೇ ಸವೆಯುತ್ತದೆಂದವನೂ ಒಬ್ಬನೇ ಎಂದು ಓದಿದಾಗ ನನಗೆ ನಮ್ಮ ಹುಡುಗನ ಕೀರ್ದಿ ಪುಸ್ತಕ ಕಣ್ಣೆದುರು ಬಂತು.

ಕ್ರೇಪೆಲಿನ್‌ನ ಹೆಸರು ಬಹುಕಾಲ ಉಳಿಯಲಿಲ್ಲ. ಎಲ್ಲ ರೋಗಿಗಳೂ ಕ್ಷಯದತ್ತ ಸಾಗುವುದಿಲ್ಲವೆಂದು ಕಂಡ ಸ್ವಿಟ್ಜರ್ಲೆಂಡಿನ ಬ್ಲಾಯ್ಲರ್ 1908ರಲ್ಲಿ ಸ್ಕಿಜೋಫ್ರೀನಿಯಾ ಎಂಬ ಪದವನ್ನು ಸೂಚಿಸಿದರು. ಆ ತಿದ್ದುಪಡಿ ಮಾನವೀಯವಾದುದು, ಅಗತ್ಯವಾದುದು. ಆದರೆ ನೆನಪು ಮೊದಲಾದ ಸರಳ ಶಕ್ತಿಗಳು ಈ ರೋಗದಲ್ಲಿ ನೇರವಾಗಿ ಕೆಡುವುದಿಲ್ಲವೆಂದೂ ಅವರು ಭಾವಿಸಿದ್ದರು. ಆ ಭಾವನೆಯ ಜೊತೆಗೆ 1952ರ ಮಾತ್ರೆಯ ಯಶಸ್ಸೂ ಸೇರಿ ಬುದ್ಧಿಯ ಪ್ರಶ್ನೆ ಬದಿಗೆ ಸರಿಯಿತೆಂದು ನನ್ನ ಅಭಿಪ್ರಾಯ. ಅಮೆರಿಕದ ಮೈಕೆಲ್ ಗ್ರೀನ್ 1996ರಲ್ಲಿ ಅದುವರೆಗಿನ ಅಧ್ಯಯನಗಳನ್ನು ಕಲೆಹಾಕಿ, ರೋಗಿಯು ನಾಲ್ಕು ಜನರೊಡನೆ ಬೆರೆತು ದುಡಿದು ಬದುಕಬಲ್ಲನೇ ಎಂಬುದು ಅವನ ನೆನಪು, ಗಮನಗಳಂಥ ಶಕ್ತಿಗಳೊಂದಿಗೆ ಗಟ್ಟಿಯಾಗಿ ಹೆಣೆದುಕೊಂಡಿದೆಯೆಂದು ತೋರಿಸಿದರು. ಅಂಗಡಿಯ ಮಾಲೀಕರು ನನಗೆ ಪುಸ್ತಕ ತೆರೆದು ತೋರಿಸಿದ್ದು ಅದನ್ನೇ.

ಆಮೇಲೆ ಪರೀಕ್ಷೆಗಳ ಕಾಲ ಬಂತು. ಹೊಸ ತಲೆಮಾರಿನ ಮಾತ್ರೆಗಳು ಬುದ್ಧಿಯನ್ನೂ ಚುರುಕುಗೊಳಿಸುತ್ತವೆಂಬ ಆಸೆ 1990ರ ದಶಕದಲ್ಲಿ ಬಲವಾಗಿತ್ತು. ಆ ಮಾತ್ರೆ ಸೇವಿಸಿದವರ ಅಂಕಗಳು ನಿಜಕ್ಕೂ ಏರಿದವು. 2007ರಲ್ಲಿ ಗೋಲ್ಡ್‌ಬರ್ಗ್ ಮತ್ತು ಸಂಗಡಿಗರು ಒಂದು ಜಾಣ ಪ್ರಶ್ನೆ ಕೇಳಿದರು. ಮೊದಲ ಬಾರಿ ರೋಗಕ್ಕೊಳಗಾಗಿ ಹೊಸ ಮಾತ್ರೆ ಸೇವಿಸುತ್ತಿದ್ದ 104 ಮಂದಿಯನ್ನು ಪರೀಕ್ಷಿಸಿದಂತೆಯೇ, ಯಾವ ಮಾತ್ರೆಯನ್ನೂ ಸೇವಿಸದ 84 ಆರೋಗ್ಯವಂತರನ್ನೂ ಅದೇ ಪ್ರಶ್ನೆಗಳಿಂದ ಮತ್ತೆ ಮತ್ತೆ ಪರೀಕ್ಷಿಸಿದರು. ಆರೋಗ್ಯವಂತರ ಅಂಕಗಳೂ ಹೆಚ್ಚುಕಡಿಮೆ ಅಷ್ಟೇ ಏರಿದವು! ಅರ್ಧವಾರ್ಷಿಕದ ಪ್ರಶ್ನೆಪತ್ರಿಕೆಯನ್ನೇ ವಾರ್ಷಿಕಕ್ಕೂ ಕೊಟ್ಟರೆ ಏನಾಗುತ್ತದೆಂದು ನಿಮಗೆ ಗೊತ್ತಿದೆ. ಏರಿದ್ದು ಬುದ್ಧಿಯಲ್ಲ, ಪ್ರಶ್ನೆಪತ್ರಿಕೆಯ ಪರಿಚಯ. ಅದೇ ವರ್ಷ ಅಮೆರಿಕದ ಒಂದು ದೊಡ್ಡ ಅಧ್ಯಯನದಲ್ಲಿ, 1950ರ ದಶಕದ ಪರ್‌ಫೆನಝೈನ್ ಎಂಬ ಹಳೆಯ ಮಾತ್ರೆ ಈ ವಿಷಯದಲ್ಲಿ ಹೊಸವುಗಳಿಗಿಂತ ಹಿಂದೆ ಬೀಳಲಿಲ್ಲವೆಂಬುದೂ ಕಂಡಿತು.

ಹಾಗಾದರೆ ನ್ಯಾಯವಾದ ಪ್ರಶ್ನೆಪತ್ರಿಕೆ ಯಾವುದು? ಅಮೆರಿಕದಲ್ಲಿ ಸರಕಾರಿ ಸಂಸ್ಥೆ, ವಿಶ್ವವಿದ್ಯಾಲಯಗಳು ಮತ್ತು ಔಷಧ ಕಂಪನಿಗಳು ಒಟ್ಟಿಗೆ ಕುಳಿತು ಮ್ಯಾಟ್ರಿಕ್ಸ್ ಎಂಬ ಹೆಸರಿನಲ್ಲಿ ಏಳು ವಿಭಾಗಗಳ, ಹತ್ತು ಪರೀಕ್ಷೆಗಳ ಒಂದು ಸಂಪುಟವನ್ನು ಸಿದ್ಧಪಡಿಸಿದವು; ಅದರ ವಿವರ 2008ರಲ್ಲಿ ಪ್ರಕಟವಾಯಿತು. ಅಂಕ ಏರಿದರೆ ಸಾಲದು, ದಿನನಿತ್ಯದ ಬದುಕಿಗೆ ಹತ್ತಿರವಾದ ಮತ್ತೊಂದು ಅಳತೆಯಲ್ಲೂ ಸುಧಾರಣೆ ಕಾಣಬೇಕೆಂದು ಔಷಧ ನಿಯಂತ್ರಕರು ಪಟ್ಟುಹಿಡಿದರು. ಸರಿಯಾದ ಪಟ್ಟು. ನಮ್ಮಲ್ಲಿ ಇನ್ನೂ ಒಂದು ತೊಡಕಿತ್ತು. ವಿದೇಶೀ ಪರೀಕ್ಷೆಯೊಂದರಲ್ಲಿ ಇಂಗ್ಲಿಷ್ ಅಕ್ಷರಗಳನ್ನೂ ಅಂಕಿಗಳನ್ನೂ ಸರದಿಯಂತೆ ಗೆರೆಯಿಂದ ಜೋಡಿಸಬೇಕು. ಆ ಅಕ್ಷರವನ್ನೇ ಕಾಣದ ನಮ್ಮ ರೈತ ತಪ್ಪಿದರೆ ಅದನ್ನು ರೋಗವೆನ್ನಬಹುದೇ? ನಿಮ್ಹಾನ್ಸ್‌ನ ಶೋಭಿನಿ ರಾವ್, ಸುಬ್ಬಕೃಷ್ಣ ಮತ್ತು ಗೋಪುಕುಮಾರ್ 2004ರಲ್ಲಿ ಹೊರತಂದ ಪರೀಕ್ಷಾಸಂಪುಟದಲ್ಲಿ ಅಕ್ಷರಗಳ ಬದಲು ಬಣ್ಣಗಳಿವೆ. ಹದಿನೈದು ಪದಗಳನ್ನು ಐದು ಬಾರಿ ಓದಿ ಹೇಳಿ, ಎಷ್ಟು ನೆನಪಿದೆಯೆಂದು ಕೇಳುವ ಪರೀಕ್ಷೆಯಿದೆ. ಎಲ್ಲಕ್ಕಿಂತ ಮುಖ್ಯವಾಗಿ, ವಯಸ್ಸು, ಲಿಂಗ, ಶಿಕ್ಷಣಗಳಿಗೆ ಅನುಗುಣವಾಗಿ ಬೇರೆಬೇರೆ ಅಳತೆಗೋಲುಗಳಿವೆ. ಪದವೀಧರನನ್ನೂ ಶಾಲೆಯ ಮೆಟ್ಟಿಲು ಹತ್ತದವನನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದಿಲ್ಲ.

ಇಷ್ಟೆಲ್ಲ ಸಿದ್ಧತೆಯ ನಂತರ ಮಾತ್ರೆಗಳು ಪರೀಕ್ಷೆಗೆ ಕುಳಿತವು. ಎನ್ಸೆನಿಕ್ಲೀನ್ ಎಂಬುದು ಆರಂಭದ ಪರೀಕ್ಷೆಗಳಲ್ಲಿ ಭರವಸೆ ಹುಟ್ಟಿಸಿ 2016ರಲ್ಲಿ ಅಂತಿಮ ಹಂತದಲ್ಲಿ ಸೋತಿತು. ಔಷಧಸತ್ವವೇ ಇಲ್ಲದ ಹುಸಿಮಾತ್ರೆ ಪಡೆದವರೂ ಸುಧಾರಿಸಿದ್ದರು. ಮುಂದೆ ಐಕ್ಲೆಪರ್ಟಿನ್. ಮಿದುಳಿನ ಕೋಶಗಳು ಪರಸ್ಪರ ಸಂದೇಶ ಕಳಿಸುವಲ್ಲಿ ಗ್ಲೈಸಿನ್ ಎಂಬ ವಸ್ತುವಿಗೂ ಪಾತ್ರವಿದೆ. ಅದು ಬೇಗ ಹಿಂದಕ್ಕೆ ಹೀರಿಹೋಗದಂತೆ ತಡೆದರೆ ಕಲಿಕೆಗೆ ನೆರವಾದೀತೆಂಬುದು ಇಲ್ಲಿನ ತರ್ಕ. 509 ರೋಗಿಗಳ ಮೇಲೆ ನಡೆದು 2021ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ಎರಡು ಪ್ರಮಾಣಗಳಲ್ಲಿ ಅಂಕಗಳು ಏರಿದವು. ಪತ್ರಿಕೆಯಲ್ಲಿ ಆ ಸುದ್ದಿ ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲವೆಂದರೆ ನಗಬೇಡಿ. ಅಂತಿಮ ಹಂತದಲ್ಲಿ ಮೂರು ಪರೀಕ್ಷೆಗಳು, 1,800ಕ್ಕೂ ಹೆಚ್ಚು ರೋಗಿಗಳು, ಆರು ತಿಂಗಳ ಸೇವನೆ. 2025ರ ಜನವರಿಯಲ್ಲಿ ಫಲಿತಾಂಶ ಬಂತು: ಹುಸಿಮಾತ್ರೆಗೂ ಅದಕ್ಕೂ ಗಣನೀಯ ಅಂತರವಿಲ್ಲ. ಕಂಪನಿ ಅದನ್ನು ಮುಚ್ಚಿಡದೆ ಪ್ರಕಟಿಸಿತು. ಅನುತ್ತೀರ್ಣರ ಪಟ್ಟಿಯನ್ನೂ ಸೂಚನಾಫಲಕದಲ್ಲಿ ಹಾಕುವ ಶಾಲೆಯ ಮೇಲೆ ನನಗೆ ಗೌರವ ಹೆಚ್ಚು.

2024ರ ಸೆಪ್ಟೆಂಬರಿನಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ ಕೊಬೆನ್ಫಿ ಹಳೆಯವುಗಳಂತೆ ಡೋಪಮೈನ್ ದಾರಿಯನ್ನು ಅಡ್ಡಗಟ್ಟುವುದಿಲ್ಲ. ಬುದ್ಧಿಶಕ್ತಿ ಹೆಚ್ಚು ಕುಂದಿದವರಲ್ಲಿ ಅದು ತುಸು ನೆರವಾಗಬಹುದೆಂಬ ಸುಳಿವುಗಳಿವೆ. ಆದರೆ ಅದಕ್ಕೆ ಅನುಮತಿ ದೊರೆತದ್ದು ಬುದ್ಧಿಯ ಮದ್ದೆಂದಲ್ಲ.

ಆದ್ದರಿಂದ, ನನ್ನ ಪ್ರಿಯ ವಿದ್ಯಾರ್ಥಿಯೇ, ನಿನ್ನ ಮೊದಲ ಪ್ರಶ್ನೆಗೆ ಉತ್ತರ: ಇನ್ನೂ ಬಂದಿಲ್ಲ. ಎರಡನೆಯದಕ್ಕೆ ಉತ್ತರ ತುಸು ಉದ್ದ. ನಿಮ್ಹಾನ್ಸ್‌ನ ಜಗದೀಶ ತೀರ್ಥಹಳ್ಳಿ ಮತ್ತು ಸಂಗಡಿಗರು ಮಲೆನಾಡಿನ ತೀರ್ಥಹಳ್ಳಿ ತಾಲ್ಲೂಕಿನಲ್ಲಿ, ಊರಲ್ಲೇ ಇರುವ ರೋಗಿಗಳನ್ನು ಕಾಲಾನುಕ್ರಮದಲ್ಲಿ ಗಮನಿಸಿ 2009ರಲ್ಲಿ ಬರೆದರು. ಮಾತ್ರೆ ಪಡೆದವರ ದೈನಂದಿನ ಅಶಕ್ತತೆ ಚಿಕಿತ್ಸೆಯಿಲ್ಲದವರದಕ್ಕಿಂತ ಒಳ್ಳೆಯ ದಾರಿ ಹಿಡಿದಿತ್ತು. ಬುದ್ಧಿಯನ್ನು ಪೂರ್ತಿ ಮರಳಿಸದಿದ್ದರೂ ಆ ಮಾತ್ರೆ ಉಳಿಸುವುದು ಸಣ್ಣದಲ್ಲ. ಆದರೆ ವೈದ್ಯರನ್ನು ಕೇಳಬೇಕಾದ ಒಂದು ಸಂಗತಿಯಿದೆ. ಕೈನಡುಕ, ಬಿಗಿತಗಳಿಗೆಂದು ಜೊತೆಯಲ್ಲಿ ಕೊಡುವ ಟ್ರೈಹೆಕ್ಸಿಫೆನಿಡಿಲ್‌ನಂಥ ಮಾತ್ರೆಗಳಿವೆ. ನಮ್ಮ ಕಡೆ ಪ್ಯಾಸಿಟೇನ್ ಎಂದೇ ಪ್ರಸಿದ್ಧ. ಅವು ಮಿದುಳಿನಲ್ಲಿ ತಡೆಹಿಡಿಯುವ ಅಸಿಟೈಲ್‌ಕೋಲೀನ್ ಎಂಬ ವಸ್ತುವೇ ನೆನಪಿಗೆ ಬೇಕಾದುದು. 2021ರಲ್ಲಿ ಪ್ರಕಟವಾದ, 1,120 ರೋಗಿಗಳ ಅಧ್ಯಯನವೊಂದರಲ್ಲಿ ಇಂಥ ಗುಣದ ಔಷಧಗಳ ಹೊರೆ ಹೆಚ್ಚಿದ್ದವರ ಅಂಕಗಳು ಕಡಿಮೆಯಿದ್ದವು. ನಮ್ಮ ಹುಡುಗ ಹದಿನೇಳು ವರ್ಷ ಅದನ್ನು ನುಂಗಿದ್ದ. 1992ರಲ್ಲಿ ಹೊಸ ವೈದ್ಯರೊಬ್ಬರು ಚೀಟಿ ನೋಡಿ, ಇದು ಇನ್ನೂ ಬೇಕೇ ಎಂದು ಯೋಚಿಸಿ, ತಿಂಗಳುಗಟ್ಟಲೆ ಸ್ವಲ್ಪಸ್ವಲ್ಪವಾಗಿ ಇಳಿಸಿದರು. ಪವಾಡವೇನೂ ನಡೆಯಲಿಲ್ಲ. ಆದರೆ ಬೆಳಿಗ್ಗೆ ಹೇಳಿದ ಮಾತು ಸಂಜೆಗೆ ನೆನಪಿರತೊಡಗಿತು.

ಉಳಿದುದನ್ನು ಮಾಡಿದವಳು ಚಿಗವ್ವ. ನನ್ನ ಮಗ್ಗಿಯ ಕಾಟ ನಿಂತ ಮೇಲೆ ಅವಳು ಮೊರದಲ್ಲಿ ಹೆಸರು, ಅಲಸಂದೆ, ಕಡಲೆ ಬೆರೆಸಿ ಅವನ ಮುಂದಿಡುತ್ತಿದ್ದಳು. ಅವನು ಒಂದೊಂದನ್ನೇ ಆರಿಸಿ ಬೇರೆ ಮಾಡಬೇಕು. ಮೊದಲು ಒಂದು ಹಿಡಿ, ಆಮೇಲೆ ಒಂದು ಪಾವು, ಆಮೇಲೆ ಒಂದು ಸೇರು. ಗದರುತ್ತಿರಲಿಲ್ಲ, ಅವಸರಿಸುತ್ತಿರಲಿಲ್ಲ. ಸುಮ್ಮನೆ ಕೂತಿರಬಾರದೆಂದು ಕೊಟ್ಟ ಕೆಲಸವೆಂದೇ ನಾನು ತಿಳಿದಿದ್ದೆ. ಗಮನಶಕ್ತಿಯನ್ನು ತಿದ್ದಲು ನಿಮ್ಹಾನ್ಸ್‌ನ ಮನಶ್ಶಾಸ್ತ್ರಜ್ಞರು ಬಳಸುವ ಅಭ್ಯಾಸಗಳಲ್ಲಿ ಕಾಳು ಬೇರ್ಪಡಿಸುವುದೂ ಒಂದೆಂದು ಓದಿದಾಗ ಪುಸ್ತಕವನ್ನು ಮುಚ್ಚಿಟ್ಟು ಸ್ವಲ್ಪ ಹೊತ್ತು ಕುಳಿತೆ. ಮನೆಯವರೊಬ್ಬರ ಸಹಾಯದಿಂದ ಮನೆಯಲ್ಲೇ ಮಾಡುವ ಇಂಥ ಅಭ್ಯಾಸವನ್ನು ಎರಡು ತಿಂಗಳು ಮಾತ್ರೆಯ ಜೊತೆಗೆ ನಡೆಸಿ ನೋಡಿದ ಹೆಗಡೆ ಮತ್ತು ಸಂಗಡಿಗರ ಅಧ್ಯಯನ 2012ರಲ್ಲಿ ಪ್ರಕಟವಾಗಿದೆ. 45 ರೋಗಿಗಳ ಸಣ್ಣ ಅಧ್ಯಯನ. ಕೆಲವು ಶಕ್ತಿಗಳಲ್ಲಿ ಸುಧಾರಣೆ ಕಂಡಿದೆ.

ಅವನು 2011ರಲ್ಲಿ ತೀರಿಕೊಂಡ. ಕೊನೆಯ ಹನ್ನೆರಡು ವರ್ಷ ಮನೆಯ ಹಾಲಿನ ಲೆಕ್ಕವನ್ನು ಅವನೇ ಬರೆದ. ಎರಡು ಎಮ್ಮೆ, ಆರು ಮನೆ ವರ್ತನೆ. ಪ್ರತಿ ತಿಂಗಳ ಕೊನೆಯಲ್ಲಿ ಒಂದೇ ಮೊತ್ತವನ್ನು ಮೂರು ಸಲ ಕೂಡಿಸಿ, ಮೂರನ್ನೂ ಕೆಳಗೆ ಕೆಳಗೆ ಬರೆಯುತ್ತಿದ್ದ. ಎರಡು ಹೊಂದುವವರೆಗೆ ಹಣ ಕೇಳಲು ಹೋಗುತ್ತಿರಲಿಲ್ಲ. ಆ ಉಪಾಯವನ್ನು ಅವನಿಗೆ ಹೇಳಿಕೊಟ್ಟವನು ನಾನಲ್ಲ. ಒಮ್ಮೊಮ್ಮೆ ನಾಲ್ಕು, ಐದು ಸಲ ಕೂಡಿಸಿದ ಪುಟಗಳೂ ಇವೆ. ಆ ನೋಟುಪುಸ್ತಕಗಳು ನನ್ನ ಕಪಾಟಿನಲ್ಲಿವೆ. ಬೇಸಿಗೆಯಲ್ಲಿ ಮಗಳನ್ನು ಕರೆದುಕೊಂಡು ಊರಿಗೆ ಬಾ, ತೋರಿಸುತ್ತೇನೆ.